ನಲವತ್ತು ಪಾಯಿಂಟ್‌ನ ಲಿಫ್ಟರ್

ಪ್ರಿಂಟರ್‌ನಿಂದ ಹೊರಬಿದ್ದ ಹಾಳೆಯ ಫೋಟೋವನ್ನು ಸೇಸಪ್ಪ ಕಳ್ಳನ ಹಾಗೆ ತೆಗೆದುಕೊಂಡ. ಹಾಳೆಯನ್ನು ಮೊದಲಿದ್ದಂತೆ ಬೋರಲು ಹಾಕಿ ತನ್ನ ಮೇಜಿಗೆ ಬಂದು ಕೂತ. ಪ್ರಿಂಟರ್‌ನಲ್ಲಿ ಕಾಗದ ಮುಗಿದು ಕೆಂಪು ದೀಪ ಮಿನುಗುತ್ತಿತ್ತು.

ಕಂಪೆನಿ ಕೆಲಸದಿಂದ ತೆಗೆಯಲಿರುವವರ ಪಟ್ಟಿ ಅದು. ಇಪ್ಪತ್ತೆರಡು ಹೆಸರು. ಮುಂದಿನ ಸೋಮವಾರ ನೋಟಿಸ್, ಆಮೇಲೆ ವೀಸಾ ರದ್ದು. ಒಂಬತ್ತನೆಯ ಹೆಸರು ಹರ್ಷಿತ್, ಸ್ಟೋರ್ ವಿಭಾಗ.

ಹರ್ಷಿತ್ ಕಾಪುವಿನವನು. ಆಫೀಸಿಗೆ ಕಾಗದ, ಪೆನ್ನು, ಚಹಾಪುಡಿ ಬೇಕಾದರೆ ಸ್ಟೋರಿನಿಂದ ತಂದುಕೊಡುವವನು ಅವನೇ. ಆದರೆ ಸೇಸಪ್ಪನ ಎದೆ ಧಸಕ್ಕೆಂದದ್ದು ಸ್ಟೋರಿನ ಹರ್ಷಿತನಿಗಾಗಿ ಅಲ್ಲ, ಲಿಫ್ಟರ್ ಹರ್ಷಿತನಿಗಾಗಿ. ದುಬೈಯ ಕರಾವಳಿ ವಾಲಿಬಾಲ್ ಲೀಗಿನಲ್ಲಿ ಸೇಸಪ್ಪ ಒಂದು ತಂಡದ ಮ್ಯಾನೇಜರ್. ಹೊಡೆಯುವವರ ಕೈಗೆ ಹದವಾಗಿ ಚೆಂಡು ಎತ್ತಿಕೊಡುವ ಹರ್ಷಿತನಿಂದಲೇ ತಂಡ ಸೆಮಿಫೈನಲ್ ಮುಟ್ಟಿತ್ತು.

ಲೀಗಿನ ನಿಯಮ ಕಟ್ಟುನಿಟ್ಟು. ಒಂದು ತಂಡಕ್ಕೆ ನೂರೇ ಪಾಯಿಂಟ್, ಅದರೊಳಗೇ ಎಲ್ಲ ಆಟಗಾರರನ್ನೂ ಕೊಳ್ಳಬೇಕು. ಹರ್ಷಿತನೊಬ್ಬನಿಗೇ ನಲವತ್ತು ಹೋಗಿತ್ತು. ನಡುವೆ ಯಾರಾದರೂ ವೀಸಾ ಕಳೆದುಕೊಂಡು ಊರಿಗೆ ಹೋದರೆ ಅವರ ಪಾಯಿಂಟೂ ಹೋದಂತೆ, ಬದಲಿಗೆ ಯಾರನ್ನೂ ಕೊಳ್ಳುವಂತಿಲ್ಲ. ಆಟಗಾರರ ಅದಲುಬದಲಿಗೆ ಗುರುವಾರ ಸಂಜೆ ಐದು ಗಂಟೆಯವರೆಗೆ ಮಾತ್ರ ಅವಕಾಶ. ಈ ದಿನ ಮಂಗಳವಾರ.

ಹರ್ಷಿತನಿಗೆ ಹೇಳಬೇಕೇ? ಸೇಸಪ್ಪ ತನ್ನನ್ನೇ ಕೇಳಿಕೊಂಡ. ಹದಿನೇಳು ವರ್ಷದಿಂದ ಅವನು ಕಂಪೆನಿಯ ಪಿಆರ್‌ಒ. ಎಲ್ಲರ ವೀಸಾ, ಎಮಿರೇಟ್ಸ್ ಐಡಿಯ ಓಡಾಟ ಅವನದೇ. ಹೋದ ವಾರ ಹೊರಗಿನ ಏಜೆನ್ಸಿಯ ಇಬ್ಬರು ಬಂದು ಕೆಲಸದ ಕ್ರಮ ಕೇಳಿದಾಗ ಗುರುಗಳ ಗತ್ತಿನಲ್ಲಿ ಎಲ್ಲ ಹೇಳಿಕೊಟ್ಟಿದ್ದ. ಅಂಥವನೇ ಆಫೀಸಿನ ಗುಟ್ಟು ಹೊರಗೆಡವಿದರೆ ತನ್ನ ಕೆಲಸಕ್ಕೇ ಕುತ್ತು. ಹೇಗೂ ಸೋಮವಾರ ತಿಳಿಯುತ್ತದಲ್ಲ! ಮನಸ್ಸು ಚುಚ್ಚಿತು. ಆದರೂ ಬಾಯಿ ಬಿಡಬಾರದೆಂದು ತೀರ್ಮಾನಿಸಿದ.

ಬುಧವಾರ ಬರ್ ದುಬೈಯ ಬಟ್ಟೆ ಅಂಗಡಿಯೊಂದಕ್ಕೆ ಹೋದ. ಎದುರಾಳಿ ತಂಡದ ಮಾಲಿಕ ಅತಾಉರ್ರಹ್ಮಾನ್, ಭಟ್ಕಳದ ಬಟ್ಟೆ ವ್ಯಾಪಾರಿ, ಹಾಲಿಲ್ಲದ ಸುಲೈಮಾನಿ ಚಹಾ ತರಿಸಿದರು.

"ಹರ್ಷಿತನನ್ನು ಬಿಡ್ತೀರಾ ಸೇಸಪ್ಪರೇ? ಯಾಕೆ?"

"ಒಬ್ಬನ ಮೇಲೇ ನಲವತ್ತು ಸುರಿದ್ರೆ ಉಳಿದವರಿಗೆ ಏನುಂಟು ಭಾಯ್? ನಿಮ್ಮ ಲಿಫ್ಟರ್ ಮುಆಝ್‌ನನ್ನು ಕೊಡಿ. ಅವನಿಗೆ ಇಪ್ಪತ್ತೆಂಟು. ಉಳಿದ ಹನ್ನೆರಡರಲ್ಲಿ ಇನ್ನೊಬ್ಬ ಹೊಡೆಯುವವನನ್ನು ತಗೊಳ್ತೇನೆ. ಮುಆಝ್‌ನ ವೀಸಾ ಸರಿ ಉಂಟಲ್ಲ?"

"ಇನ್ನೂ ಎರಡು ವರ್ಷ ಉಂಟು."

ಈಗ ಹರ್ಷಿತನ ವೀಸಾ ಕೇಳುತ್ತಾರೆ ಎಂದು ಸೇಸಪ್ಪ ಚಹಾದ ಲೋಟವನ್ನು ಬಾಯಿಗಿಟ್ಟುಕೊಂಡ. ಅತಾಉರ್ರಹ್ಮಾನ್ ನಕ್ಕರು.

"ಹರ್ಷಿತನ ವೀಸಾದ ಬಗ್ಗೆ ನಾನು ಕೇಳುವುದಿಲ್ಲ. ನೀವೇ ಇದ್ದೀರಲ್ಲ! ನಿಮ್ಮಂಥ ಒಬ್ಬ ಪಿಆರ್‌ಒ ನನಗೂ ಬೇಕಾಗಿತ್ತು. ಯಾರಾದ್ರೂ ಇದ್ದಾರಾ?"

ಮೋಸದ ವ್ಯಾಪಾರಕ್ಕೆ ಸ್ವಲ್ಪ ಪುಣ್ಯ ಬೆರೆಸಿದಂತಾಗಲಿ ಎಂದು ಸೇಸಪ್ಪ ಅಲ್ಲೇ ತನ್ನ ಗೆಳೆಯ ವಿಕ್ಟರ್‌ನ ನಂಬರು ಕೊಟ್ಟ. ವಿಕ್ಟರ್ ಆರು ತಿಂಗಳಿಂದ ಕೆಲಸ ಹುಡುಕುತ್ತಿದ್ದ.

"ಖಲಾಸ್, ಮಾತು ಮುಗೀತು," ಎಂದು ಅತಾಉರ್ರಹ್ಮಾನ್ ಅದಲುಬದಲಿಯ ಫಾರ್ಮಿಗೆ ಸಹಿ ಹಾಕಿದರು. ಇನ್ನು ಬೇಕಾಗಿದ್ದದ್ದು ಹರ್ಷಿತನ ಸಹಿ.

ಗುರುವಾರ ನಾಲ್ಕೂವರೆಗೆ ಮುಹೈಸ್ನಾದ ಮೈದಾನದಲ್ಲಿ ಹರ್ಷಿತ್ ಬೆರಳುಗಳಿಗೆ ಟೇಪು ಸುತ್ತಿಕೊಳ್ಳುತ್ತಿದ್ದ. ಸೇಸಪ್ಪ ಫಾರ್ಮು ಮುಂದೆ ಹಿಡಿದು, ಸುಮ್ಮನಿರಲಾರದೆ ಕೇಳಿದ:

"ನಿನ್ನ ಹೆಂಡತಿ ಅಶ್ಮಿತಾಳನ್ನು ಊರಿಂದ ಕರೆಸ್ಲಿಕ್ಕೆ ಮನೆ ನೋಡ್ತಿದ್ದಿಯಲ್ಲ, ಸಿಕ್ಕಿತಾ?"

"ಸದ್ಯಕ್ಕೆ ನಿಲ್ಲಿಸಿದ್ದೇನೆ ಅಣ್ಣ." ಹರ್ಷಿತ್ ಫಾರ್ಮು ಓದಿದ. ಪೆನ್ನು ತೆಗೆದುಕೊಂಡರೂ ಸಹಿ ಹಾಕಲಿಲ್ಲ. "ಸೇಸಪ್ಪಣ್ಣ, ನನಗೆ ಏನಾದ್ರೂ ಹೇಳ್ಲಿಕ್ಕೆ ಉಂಟಾ?"

"ಎಂಥ ಹೇಳ್ಲಿಕ್ಕೆ? ತಂಡದ ಒಳ್ಳೇದಕ್ಕೆ ಮಾರಾಯ, ಅಷ್ಟೆ."

"ಬೇರೆ ಏನೂ ಇಲ್ವಾ?"

"ಇಲ್ಲ."

"ಹಾಗಾದ್ರೆ ನನಗೂ ಏನಿಲ್ಲ," ಎಂದು ಹರ್ಷಿತ್ ಸಹಿ ಹಾಕಿದ.

ಸೇಸಪ್ಪನಿಗೆ ಆ ವಾರಾಂತ್ಯ ಊಟ ಸೇರಲಿಲ್ಲ. ಹೆಂಡತಿ ಜಲಜಾಕ್ಷಿ ಕೇಳಿದ್ದಕ್ಕೆ ಗ್ಯಾಸ್ ಎಂದ. ವಿಕ್ಟರ್ ಶನಿವಾರವೇ ಕೆಲಸಕ್ಕೆ ಸೇರಿದೆನೆಂದು ಫೋನು ಮಾಡಿ ಹತ್ತು ಸಲ ಉಪಕಾರ ಹೇಳಿದ. ಆಗ ಮಾತ್ರ ಮನಸ್ಸು ತುಸು ಹಗುರಾಯಿತು.

ಸೋಮವಾರ ಬೆಳಿಗ್ಗೆ ನೋಟಿಸುಗಳು ಹೊರಟವು. ಸೇಸಪ್ಪನಿಗೆ ಹನ್ನೊಂದಕ್ಕೆ ಕಂಪೆನಿ ಮ್ಯಾನೇಜರರ ಕರೆ ಇತ್ತು. ವೀಸಾ ರದ್ದು ಮಾಡಿಸುವ ಕಾಗದಗಳನ್ನು ಕೊಡಲಿಕ್ಕೆ ಎಂದುಕೊಂಡು ಅವನು ಖಾಲಿ ಫೈಲುಗಳನ್ನು ಜೋಡಿಸಿಟ್ಟ. ಹತ್ತೂವರೆಗೆ ಹರ್ಷಿತ್ ಬಂದು ಎದುರಿನ ಕುರ್ಚಿಯಲ್ಲಿ ಕೂತ. ಅಳುತ್ತಿರಲಿಲ್ಲ.

"ನನಗೆ ಅತಾಉರ್ ಭಾಯ್ ಅಂಗಡಿಯಲ್ಲಿ ಸ್ಟೋರ್ ಕೆಲಸ ಆಯ್ತು ಅಣ್ಣ. ವೀಸಾ ಅವರೇ ಮಾಡ್ತಾರೆ. ಸೆಮಿಫೈನಲ್ ಅವರ ತಂಡಕ್ಕೇ ಆಡ್ತೇನೆ."

ಸೇಸಪ್ಪ ಫೈಲುಗಳನ್ನು ಬದಿಗೆ ಸರಿಸಿದ. "ಯಾವಾಗ ಆಯ್ತು?"

"ಮಂಗಳವಾರವೇ ಫೋನ್ ಮಾಡಿ ಕೇಳಿದ್ದೆ. ಆ ದಿವಸ ಪ್ರಿಂಟರ್‌ಗೆ ಕಾಗದ ಹಾಕಿದ್ದು ನಾನು. ನೀವು ಫೋಟೋ ತೆಗೆಯುವಾಗ ಸ್ಟೋರಿನ ಬಾಗಿಲಲ್ಲೇ ಇದ್ದೆ." ಹರ್ಷಿತ್ ಜೇಬಿನಿಂದ ಫೋನು ತೆಗೆದ. "ಭಾಯ್‌ಗೆ ಪಿಆರ್‌ಒ ಕೂಡ ಬೇಕಿತ್ತು. ಗುರುವಾರ ನೀವು ಒಂದು ಮಾತು ಹೇಳಿದ್ರೆ ನಾನೂ ಹೇಳ್ತಿದ್ದೆ. ನಿನ್ನೆ ಮನಸ್ಸು ತಡೆಯದೆ ಆ ಕೆಲಸ ಇನ್ನೂ ಉಂಟಾ ಅಂತ ಅವರನ್ನು ಕೇಳಿದೆ. ವಿಕ್ಟರ್ ಸೇರಿ ಆಯ್ತಂತೆ."

"ನನಗೆ ಹೇಳ್ಲಿಕ್ಕೆ ಎಂಥ ಇತ್ತು?"

ಹರ್ಷಿತ್ ತನ್ನ ಫೋನನ್ನು ಮೇಜಿನ ಮೇಲಿಟ್ಟು ಮೆಲ್ಲಗೆ ಅವನ ಕಡೆ ತಿರುಗಿಸಿದ. ಕಾಗದ ಹಾಕಿದ ಮೇಲೆ ಪ್ರಿಂಟರ್‌ನಿಂದ ಬಂದ ಎರಡನೇ ಹಾಳೆಯ ಫೋಟೋ ಅದು.

ಅದರಲ್ಲಿ ಇದ್ದದ್ದು ಒಂದೇ ಸಾಲು: ಇಪ್ಪತ್ತಮೂರು, ಸೇಸಪ್ಪ, ಪಿಆರ್‌ಒ.