ಬಂಗಲೆಯ ಕೂಸು

ಹೊತ್ತೊಯ್ದ ರಾಗಿಯನ್ನೇ ಹೊತ್ತು ಗಾಡಿ ವಾಪಸು ಬಂದು ಕ್ಯಾತಣ್ಣನ ಮನೆ ಮುಂದೆ ನಿಂತಿತು. ಎಂಟು ಚೀಲದಲ್ಲಿ ಏಳರ ಬಾಯಿ ಬಿಚ್ಚಿರಲೇ ಇಲ್ಲ. ಮೊಳಕಾಲ್ಮೂರು ಬಂಗಲೆಯ ಬಟ್ಲರ್ ಯರ್ರಪ್ಪ, ದೊರೆ ಬಿಟ್ಟುಕೊಟ್ಟ ಹಳೇ ಬೂಟಿನಲ್ಲಿ ಕಾಲೆಳೆಯುತ್ತ ಕೆಳಗಿಳಿದ.

"ದೊರೆ ಮಕಕ್ಕೆ ಉಗುದ್ರು ಕ್ಯಾತಣ್ಣ. ನೆನೆಸಿ ನಾಕು ದಿನ ಇಟ್ರೂ ಒಂದು ಕಾಳು ಮೊಳೀಲಿಲ್ಲ."

ಕ್ಯಾತಣ್ಣನಿಗೆ ಮೈಯೆಲ್ಲ ಉರಿದುಹೋಯಿತು. ರೈಲುದಾರಿ ಅಳೆಯಲು ಬಂದ ದೊರೆಗೆಂದು ಇಡೀ ಹಗೇವಿನ ರಾಗಿಯನ್ನು ಮಾತಾಡಿ ಕೊಂಡವನು ಇದೇ ಯರ್ರಪ್ಪ. ನಿನ್ನಲ್ಲೇ ಇರಲಿ, ಬೇಕಾದಾಗ ಒಯ್ಯುತ್ತೇನೆ ಎಂದವನೂ ಇವನೇ. ನೆಲದೊಳಗಿನ ಆ ಕಣಜದಲ್ಲಿ ಮೂರು ವರ್ಷ ಮಲಗಿದರೂ ರಾಗಿಗೆ ಹುಳ ಹಿಡಿದಿರಲಿಲ್ಲ, ಒಂದು ಕಾಳು ಮೊಳೆತಿರಲಿಲ್ಲ. ದೇವಸಮುದ್ರದ ಸುತ್ತಲಿನ ಊರುಗಳಲ್ಲಿ ಕ್ಯಾತಣ್ಣನಿಗೆ ಹೆಸರು ಅಂತ ಏನಾದರೂ ಇದ್ದರೆ ಅದು ಇದರಿಂದಲೇ. ಈಗ ಮೊಳೆಯಲಿಲ್ಲವೆಂದು ಬೈಸಿಕೊಳ್ಳುವ ಕಾಲ ಬಂತು!

"ಲೇ, ಹಗೇವಿನ ಕಾವಿಗೆ ಮೊಳಕೆ ಸಾಯ್ತೈತೆ. ಇದು ತಿನ್ನೋ ರಾಗಿ, ಬಿತ್ತೋದಲ್ಲ. ಕುರಿ ಕಾಯೋನಿಗೂ ಗೊತ್ತಿರೋ ಮಾತು. ನಿನ್ನ ದೊರೆ ರೈಲು ಬಿಟ್ಟು ರಾಗಿ ಬಿತ್ತೋಕೆ ನಿಂತವ್ನಾ?"

"ಬಿತ್ತೋಕಲ್ಲ. ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಬೀಸ್ತಾರೆ."

ಹೊಸಿಲಿನಲ್ಲಿ ಕೂತು ಕಾಳು ಕೇರುತ್ತಿದ್ದ ಸೂರಮ್ಮನ ಕೈಯಲ್ಲಿ ಮೊರ ನಿಂತಿತು. "ಅಯ್ಯೋ, ಕೂಸಿಗೆ ರಾಗಿ ಸರಿ ಕಾಸೋಕೆ! ಮೊದಲೇ ಹೇಳಬಾರದಾ? ಎಷ್ಟು ತಿಂಗಳ ಕೂಸು ಯರ್ರಪ್ಪ?"

ಯರ್ರಪ್ಪ ತನ್ನ ಬೂಟು ನೋಡಿಕೊಂಡ. ಆಮೇಲೆ ಎತ್ತುಗಳ ಕಡೆ ನೋಡಿದ. "ಆರು... ಆರು ತಿಂಗಳು ಅನ್ನಕ್ಕ."

ಸೂರಮ್ಮ ಒಳಗೆ ಹೋಗಿ, ಬೂದಿ ಬೆರೆಸಿ ಬಾಯಿಗೆ ಸಗಣಿ ಮೆತ್ತಿಟ್ಟಿದ್ದ ಗಡಿಗೆಯನ್ನು ಸೊಂಟಕ್ಕೆ ಇಟ್ಟುಕೊಂಡು ಬಂದಳು. ಕ್ಯಾತಣ್ಣ ಹೌಹಾರಿದ.

"ಏನೇ ಇದು! ಬಿತ್ತನೆ ರಾಗಿ ಕಣೇ! ಮಳೆ ಬಿದ್ದ ದಿನ ನನ್ನ ತಲೆ ಬಿತ್ತಲಾ? ಸಾವ್ಕಾರ ಜಂಪಣ್ಣನ ಬಾಗಿಲಿಗೆ ಹೋಗಿ ಬೀಜ ಕೊಡಪ್ಪಾ ಅಂತ ನಿಲ್ಲಲಾ? ನಮ್ಮಪ್ಪ ನಿಂತಿಲ್ಲ, ನಾನೂ ನಿಲ್ಲಲ್ಲ."

"ಅರ್ಧ ತಾನೆ, ಸುಮ್ಕಿರ್ರಿ. ಹಸಿದ ಕೂಸಿನ ಮುಂದೆ ಜಂಪಣ್ಣನ ಬಾಗಿಲು ಯಾವ ಲೆಕ್ಕ?"

"ಇಲ್ಲಿ ಕೊಡಕ್ಕ, ನಾನೇ ಒಯ್ತೀನಿ," ಎಂದು ಯರ್ರಪ್ಪ ಕೈ ಚಾಚಿದ.

"ನಿನ್ನ ಕೈಗುಣ ಕಂಡಿದ್ದೀನಿ ಬಿಡು. ನಾನೇ ಮೊಳಕೆ ಕಟ್ಟಿ ಬೀಸಿ ತರ್ತೀನಿ. ಕೂಸಿನ ಮಕ ನೋಡಿದಂಗೂ ಆಗ್ತೈತೆ."

ಯರ್ರಪ್ಪ ಚೀಲಗಳನ್ನು ಇಳಿಸಿ ಗಾಡಿ ಹತ್ತಿದ.

ವಾರ ಕಳೆದು, ಬೆಳಕು ಹರಿಯುವ ಮೊದಲೇ ಇಬ್ಬರೂ ಮೊಳಕಾಲ್ಮೂರಿನ ದಾರಿ ಹಿಡಿದರು. ಸೂರಮ್ಮನ ತಲೆಯ ಮೇಲೆ ತೆಳು ಬಟ್ಟೆಯಲ್ಲಿ ಸೋಸಿದ ಹಿಟ್ಟಿನ ಗಡಿಗೆ. ಹಿಂದೆ ಕ್ಯಾತಣ್ಣ. ದಾರಿಯುದ್ದಕ್ಕೂ ಅವನು ಗೊಣಗಿದ್ದಕ್ಕೆ ಕೊನೆಯಿಲ್ಲ: ಬಿಸಿಲಿಗೆ ಬೈದ, ದೊರೆಗೆ ಬೈದ, ಊರಿಗೆಲ್ಲ ತಾಯಿಯಾಗಲು ಹೊರಟ ಹೆಂಡತಿಗೆ ಎರಡು ಹೆಚ್ಚೇ ಬೈದ. ಅವಳು ಒಂದಕ್ಕೂ ತಿರುಗಿ ನೋಡಲಿಲ್ಲ.

ಬಂಗಲೆಯ ಹಿಂಬದಿಯ ಪಡಸಾಲೆಯಲ್ಲಿ ತೊಟ್ಟಿಲಿರಲಿಲ್ಲ. ಸಾಲಾಗಿ ಮಣ್ಣಿನ ಬಾನಿಗಳಿದ್ದವು. ಒಂದರಿಂದ ನೊರೆ ಉಕ್ಕಿ ಕೆಳಗೆ ಸುರಿಯುತ್ತಿತ್ತು. ಆ ವಾಸನೆ ಬಡಿದದ್ದೇ ಸೂರಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನರೆತ ಮೀಸೆಯ ದೊರೆ ಲೋಟ ಕೆಳಗಿಟ್ಟು ಎದ್ದು ಬಂದು, ಗಡಿಗೆಯಿಂದ ಒಂದು ಚಿಟಿಕೆ ಹಿಟ್ಟು ನಾಲಿಗೆಗೆ ಹಾಕಿಕೊಂಡು, ಸಿಹಿಗೆ ಕಣ್ಣು ಮುಚ್ಚಿದ. ಮೀಸೆಯ ತುಂಬ ನೊರೆ.

"ಯರ್ರಪ್ಪ, ಕೂಸೆಲ್ಲಿ?" ಸೂರಮ್ಮ ಕೇಳಿದಳು.

ಯರ್ರಪ್ಪನ ಮುಖ ಬಾಡಿತು. "ಕೂಸಿಲ್ಲಕ್ಕ. ಬೆಂಗಳೂರಿಂದ ಬರೋ ಬೀರಿನ ಬಾಟ್ಲಿ ಗಾಡಿ ಕುಲುಕಿಗೆ ಒಡೆದು ಹೋಗ್ತವೆ ಅಂತ, ದೊರೆ ಮೊಳಕೆ ರಾಗೀಲಿ ಇಲ್ಲೇ ಬೀರು ಕಾಸ್ತಾರೆ. ಹೆಂಡ ಮುಟ್ಟದ ಮನೇಲಿ ನಿಂತು ಅದನ್ನ ಹೆಂಗೆ ಹೇಳ್ಲಿ?"

ಕ್ಯಾತಣ್ಣ ದಾರಿಯಲ್ಲಿ ಬೈದದ್ದೆಲ್ಲ ಬರೀ ಮುನ್ನುಡಿ. ಅಸಲು ಬೈಗುಳ ಈಗ ಗಂಟಲಿಗೆ ಬಂದಿತ್ತು. ಆದರೆ ಸೂರಮ್ಮ ದೊರೆಯ ನೊರೆ ಮೀಸೆಯನ್ನು ಒಂದು ಗಳಿಗೆ ನೋಡಿದಳು. ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿ ಎತ್ತಿಕೊಂಡಳು.

"ಕೂಸು ಹುಟ್ಟಿದಾಗ ಹೇಳಿ ಕಳಿಸು ಯರ್ರಪ್ಪ. ತರ್ತೀನಿ."

ಇಬ್ಬರೂ ಊರ ದಾರಿ ಹಿಡಿದರು. ಅರ್ಧ ಬಿತ್ತನೆ ರಾಗಿ ಹಿಟ್ಟಾಗಿತ್ತು, ಬಡಗಣ ದಿಕ್ಕಿನಲ್ಲಿ ಮೋಡ ಕಟ್ಟಿತ್ತು. ಬೈಯಲು ಇಷ್ಟು ಒಳ್ಳೆಯ ಕಾರಣ ಕ್ಯಾತಣ್ಣನಿಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ. ಒಂದು ಮೈಲಿ ನಡೆದ, ಎರಡು ಮೈಲಿ ನಡೆದ. ಅವಳ ಕಣ್ಣು ತೇವವಾಗಿದ್ದನ್ನು ಕಂಡು ಬೈಗುಳವೆಲ್ಲ ಹಾಳಾಗಿಹೋಯಿತು. ಸಿಟ್ಟಿನಿಂದಲೇ ಗಡಿಗೆ ಕಿತ್ತುಕೊಂಡು ತನ್ನ ಹೆಗಲಿಗೇರಿಸಿಕೊಂಡ.

"ಬೀಜಕ್ಕೆ ಜಂಪಣ್ಣನ ಬಾಗಿಲಿಗೆ ನಾನೇ ಹೋಗ್ತೀನಿ. ನೀನು ಬರಬೇಡ. ಬಂದ್ರೆ ಈ ಹಿಟ್ಟನ್ನೂ ಅವನ ಮೊಮ್ಮಗನಿಗೆ ಸುರಿದು ಬರ್ತೀಯ."

ಸೂರಮ್ಮ ಮೂಗು ಒರೆಸಿಕೊಂಡಳು. "ಸುರಿದ್ರೆ ಏನೀಗ? ಅದು ಹುಟ್ಟಿರೋ ಕೂಸು."