ಪಾಳೆಯಗಾರನ ಕೊನೆಯ ಊಟ

ಬಾಗಿಲಲ್ಲಿ ನಿಂತಿದ್ದ ಮುದುಕರೊಬ್ಬರ ಕೈಯಲ್ಲಿ ತನ್ನ ಕಾದಂಬರಿ ಕಂಡು ಲೇಖಕಿಗೆ ಅನುಮಾನ ಬಂತು. ಇನ್ನೂರು ವರ್ಷಗಳ ಹಿಂದೆ ವಿಷಪ್ರಾಶನದಿಂದ ಸತ್ತ ಪಾಳೆಯಗಾರನೊಬ್ಬನ ಕಥೆ ಅದು. ವಂಶಸ್ಥರು ಕೇಸು ಹಾಕಿಯಾರೆಂದು ಪ್ರಕಾಶಕರು ಮೊದಲೇ ಎಚ್ಚರಿಸಿದ್ದರು.

"ಚೆನ್ನಾಗಿದೆಯಮ್ಮ, ಒಂದೇ ಗುಕ್ಕಿಗೆ ಓದಿದೆ. ಆದ್ರೆ ಕೊನೆ ಮಾತ್ರ ಒಪ್ಪಲಿಲ್ಲ. ಪಾಪ, ವೀಳ್ಯ ಮಡಿಸಿ ಕೊಡೋನ ತಲೆಗೆ ಕೊಲೆ ಕಟ್ಟಿದ್ದೀರಿ. ವಿಷ ಬೆರೆಸಿದ್ದು ಪಾಯಸದಲ್ಲಿ."

"ಅದು ನಿಮಗೆ ಹೇಗೆ ಗೊತ್ತು?"

"ಅವತ್ತಿಂದ ನಮ್ಮನೇಲಿ ಮದುವೆಗೂ ಪಾಯಸ ಮಾಡಲ್ಲ."

"ಅಂದ್ರೆ ನೀವು ಪಾಳೆಯಗಾರರ ವಂಶದವರು," ಎಂದಳು ಲೇಖಕಿ, ಬಾಗಿಲನ್ನು ಅರ್ಧ ಮುಂದಕ್ಕೆ ಮಾಡುತ್ತ.

ಮುದುಕರು ಪುಸ್ತಕವನ್ನು ಕಂಕುಳಿಗೆ ಸೇರಿಸಿಕೊಂಡರು.

"ಅಲ್ಲಮ್ಮ. ಅಡುಗೆ ಮಾಡಿದವರ ವಂಶ."