ಚಿಕ್ಕಪೇಟೆಯ ಬೆಂಚು

ಬೆಳಿಗ್ಗೆ ಎಂಟೂಕಾಲಿಗೆ ಕೋಕಿಲಮ್ಮ ಕಾರಿನಲ್ಲಿ ಕೂತು ಇಂಡಿಕೇಟರ್ ಕಡ್ಡಿ ಮೇಲೆತ್ತಿದರು, ಕೆಳಗಿಳಿಸಿದರು. ಟಿಕ್ ಇಲ್ಲ, ಟಕ್ ಇಲ್ಲ. ಹತ್ತು ಗಂಟೆಗೆ ಡ್ರೈವಿಂಗ್ ಪರೀಕ್ಷೆ, ಎರಡು ಸಲ ಫೇಲಾಗಿ ಇದು ಮೂರನೆಯದು. ಇನ್ನು ಸ್ಟಿಯರಿಂಗ್ ಮುಟ್ಟಬೇಡಿ ಎಂದು ಕಣ್ಣಿನ ಡಾಕ್ಟರು ಗಂಡ ಮಹಾನಂದ ಮೇಷ್ಟ್ರಿಗೆ ಹೇಳಿದ ದಿನವೇ ಮನೆಯಲ್ಲಿ ತೀರ್ಮಾನವಾಗಿತ್ತು: ಹೆಂಡತಿಗೆ ಲೈಸೆನ್ಸ್ ಸಿಕ್ಕರೆ ಕಾರು ಉಳಿಯುತ್ತದೆ, ಇಲ್ಲದಿದ್ದರೆ ಮಾರುವುದು. ಹನುಮಂತನಗರದ ಗಿರಾಕಿಯೊಬ್ಬರು ಸಂಜೆ ಫೋನ್ ಮಾಡುವವರಿದ್ದರು.

ಡ್ರೈವಿಂಗ್ ಸ್ಕೂಲಿನ ಆಂಜಿನಯ್ಯ ಫೋನಿನಲ್ಲೇ ಕೈಚೆಲ್ಲಿದ. "ಇಂಡಿಕೇಟರ್ ಇಲ್ದೆ ಹೋದ್ರೆ ಸಾಹೇಬ್ರು ಗೇಟಲ್ಲೇ ವಾಪಸ್ ಕಳಿಸ್ತಾರೆ ಮೇಡಂ. ಫ್ಯೂಸ್ ಹೋಗಿರತ್ತೆ. ಅಂಗಡಿ ತೆಗೆಯೋದು ಹತ್ತಕ್ಕೆ. ಒಂಬತ್ತಕ್ಕೆ ಬರ್ತೀನಿ, ಅಷ್ಟರಲ್ಲಿ ಏನಾದ್ರೂ ಮಾಡಿ."

ಫ್ಯೂಸ್ ಎಂದದ್ದೇ ತಡ, ಮೇಷ್ಟ್ರು ತಂತಿಯ ಸುರುಳಿ ಹಿಡಿದು ಬಂದರು. ಚಾಮರಾಜಪೇಟೆಯ ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ವಿದ್ಯುತ್ತಿನ ಪಾಠ ಹೇಳಿದವರು. ಬೀದಿಯಲ್ಲಿ ಯಾರ ಮನೆಯ ಕರೆಂಟು ಹೋದರೂ ಇವರಿಗೇ ಕರೆ. ಫ್ಯೂಸ್ ಕಟ್ಟುವುದರಲ್ಲಿ ಎತ್ತಿದ ಕೈ. ಅಂಥವರು ಬಾನೆಟ್ ಎತ್ತಿ, ಬಗ್ಗಿ, ಬ್ಯಾಟರಿಯನ್ನೇ ನೋಡುತ್ತಾ "ಹೂಂ" ಎಂದು ನಿಂತುಬಿಟ್ಟರು. ಗೊತ್ತಿಲ್ಲದೆ ಅಲ್ಲ. ಇಂಡಿಕೇಟರಿನ ಫ್ಯೂಸ್ ಎಲ್ಲಿದೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದರ ಮುಚ್ಚಳವನ್ನು ಹೆಂಡತಿ ಎಲ್ಲಿ ತೆಗೆದುಬಿಡುತ್ತಾಳೋ ಅನ್ನುವುದೇ ಅವರ ಪುಕುಪುಕು.

"ರೀ, ಅಲ್ಲೇನ್ ಹುಡುಕ್ತಿದೀರಾ? ಇಲ್ಲಿ ಸ್ಟಿಯರಿಂಗ್ ಕೆಳಗೇ ಇದೆಯಂತೆ." ಕೋಕಿಲಮ್ಮ ಕಾರಿನ ಜೊತೆ ಕೊಟ್ಟ ಪುಸ್ತಕವನ್ನು ತೊಡೆಯ ಮೇಲೆ ಹರಡಿಕೊಂಡಿದ್ದರು. ಕೀ ತಿರುಗಿಸಿ, ತೆಗೆದು, ಸೊಂಟಕ್ಕೆ ಸಿಕ್ಕಿಸಿಕೊಂಡರು. ಮುಚ್ಚಳ ಕಳಚಿ, ಅದರ ಒಳಗಿನ ಪಟ್ಟಿಯ ಮೇಲೆ ಬೆರಳಿಟ್ಟು ಓದಿ, ಅಲ್ಲೇ ಇದ್ದ ಪ್ಲಾಸ್ಟಿಕ್ ಚಿಮ್ಮಟದಿಂದ ಪುಟ್ಟದೊಂದು ಕೆಂಪು ಬಿಲ್ಲೆ ಎಳೆದರು. ಬೆಳಕಿಗೆ ಹಿಡಿದರೆ ನಡುವಿನ ಎಳೆ ತುಂಡಾಗಿತ್ತು. "ಹತ್ತು ಆಂಪಿಯರ್. ಸ್ಪೇರ್ ಮುಚ್ಚಳದಲ್ಲೇ ಇರತ್ತೆ ಅಂತ ಬರ್ದಿದಾರೆ. ಎರಡು ಗೂಡಿವೆ, ಎರಡೂ ಖಾಲಿ."

"ಕಂಪನಿಯೋರು ಕೊಟ್ಟೇ ಇರಲ್ಲ ಬಿಡು. ಅದರ ಎರಡು ಕಾಲಿಗೂ ಈ ತಂತಿ ಸುತ್ತಿಬಿಟ್ರೆ..."

"ತಂತಿ ಸುತ್ತಿದ್ರೆ ಫ್ಯೂಸ್ ಉಳಿಯತ್ತೆ, ಕಾರು ಸುಟ್ಟುಹೋಗತ್ತೆ. ಪಡಸಾಲೆಯಲ್ಲಿ ಕೂತು ನೀವೇ ಮಕ್ಕಳಿಗೆ ಅರಚಿ ಅರಚಿ ಹೇಳ್ತಿದ್ರಲ್ಲ. ಒಗ್ಗರಣೆ ಹಾಕ್ತಾ ಕೇಳಿದ್ದು ನಂಗೇ ಬಾಯಿಪಾಠ ಆಗಿದೆ."

ಮೇಷ್ಟ್ರು ಗಡಿಯಾರ ನೋಡಿದರು. ಎಂಟೂವರೆ. ಈ ಸಲ ಹೆಂಡತಿ ಫೇಲಾದರೆ ಆ ಅಪವಾದ ತಮ್ಮ ತಲೆಗೇ. "ಐದು ನಿಮಿಷ, ಬಂದೆ," ಎಂದು ಒಳಗೆ ಹೋಗಿ, ಸ್ಟೂಲು ಹತ್ತಿ, ಅಟ್ಟದಿಂದ ದಸರಾ ಗೊಂಬೆಗಳ ಟ್ರಂಕು ಇಳಿಸಿದರು.

ಗೊಂಬೆ ಕೂರಿಸುವಾಗ ಪಾರ್ಕು ಮಾಡುವುದು ಮೇಷ್ಟ್ರ ಇಲಾಖೆ. ಥರ್ಮಾಕೋಲಿಗೆ ಹಸಿರು ಬಳಿದು, ಗಿಡ ನೆಟ್ಟು, ಕಳೆದ ದಸರೆಗೆ ಎರಡೆರಡು ಕಾಲಿನ ಪುಟ್ಟ ಪ್ಲಾಸ್ಟಿಕ್ ಬೆಂಚುಗಳನ್ನೂ ಹಾಕಿದ್ದರು. ಕೆಂಪಿನದರ ಮೇಲೆ ಮಣ್ಣಿನ ಅಜ್ಜ ಅಜ್ಜಿ, ಶಾಸ್ತ್ರದಂತೆ ಅಜ್ಜನ ಎಡಕ್ಕೆ ಅಜ್ಜಿ. ನೀಲಿಯದರ ಮೇಲೆ ಮಕ್ಕಳು. ಅರಿಸಿನ ಕುಂಕುಮಕ್ಕೆ ಬಂದವರೆಲ್ಲ ಕೇಳಿದ್ದು ಆ ಬೆಂಚುಗಳನ್ನೇ. ಚಿಕ್ಕಪೇಟೆಯಲ್ಲಿ ಇವರೇ ಹುಡುಕಿ ತಂದದ್ದು ಎಂದು ಕೋಕಿಲಮ್ಮ ಎಲ್ಲರಿಗೂ ಹೆಮ್ಮೆಯಿಂದ ಹೇಳಿದ್ದರು. ಮೇಷ್ಟ್ರು ಅವರಿಗೆ ಹಾಗೆಂದೇ ಹೇಳಿದ್ದರಲ್ಲ. ಅಜ್ಜ ಅಜ್ಜಿಯನ್ನು ಎಬ್ಬಿಸಲು ಮನಸ್ಸು ಬಾರದೆ ಮೊದಲು ನೀಲಿಯದನ್ನೇ ಕಿತ್ತರು.

"ತಗೋ, ಎಲ್ಲೋ ಡ್ರಾಯರಲ್ಲಿ ಬಿದ್ದಿತ್ತು. ಹದಿನೈದು ಆಂಪಿಯರ್, ಇನ್ನೂ ಗಟ್ಟಿ."

"ಹತ್ತು ಇದ್ದ ಕಡೆ ಹತ್ತೇ ಹಾಕ್ಬೇಕು, ಇದೂ ನಿಮ್ಮ ಪಾಠವೇ." ಕೋಕಿಲಮ್ಮ ಬಿಲ್ಲೆಯನ್ನು ತಿರುಗಿಸಿ ನೋಡಿದರು. ಕಾಲಿಗೆ ಹಸಿರು ಥರ್ಮಾಕೋಲಿನ ಕಾಳೊಂದು ಅಂಟಿತ್ತು. "ರೀ, ಚಿಕ್ಕಪೇಟೆಗೆ ಹೋಗಿ ಆ ಕೆಂಪು ಬೆಂಚೂ ತಂದ್ಬಿಡಿ. ಹಾಗೇ ಒಂದು ಒಣಬಟ್ಟೆ. ನಿನ್ನೆ ನೀವು ಪೈಪ್ ಹಿಡಿದು ಕಾರು ತೊಳೆದ ನೀರು ಹಿಂದಿನ ದೀಪದೊಳಗೇ ನಿಂತಿರತ್ತೆ. ಒರೆಸದೆ ಹಾಕಿದ್ರೆ ಇದೂ ಹೋಗತ್ತೆ."

ಮೇಷ್ಟ್ರು ಕೆಂಪು ಬೆಂಚು ತಂದರು. ದೀಪದ ಗಾಜು ಬಿಚ್ಚಿ ಒಳಗೆಲ್ಲ ಒರೆಸಿದರು. ಕೋಕಿಲಮ್ಮ ಹೊಸ ಫ್ಯೂಸನ್ನು ಒತ್ತಿ ಕೂರಿಸಿ, ಆಮೇಲೆ ಕೀ ತಿರುಗಿಸಿದರು. ಟಿಕ್, ಟಿಕ್, ಟಿಕ್. ತಮ್ಮ ಶಿಷ್ಯರಿಗೆ ರ‍್ಯಾಂಕ್ ಬಂದಾಗಲೂ ಮೇಷ್ಟ್ರಿಗೆ ಅಷ್ಟು ಸಂತೋಷ ಆಗಿರಲಿಲ್ಲ.

ಸಂಜೆ ಹನುಮಂತನಗರದ ಫೋನ್ ಬಂತು. "ಇಲ್ಲ ಸಾರ್, ಕಾರು ಮಾರ್ತಿಲ್ಲ," ಎಂದು ಮೇಷ್ಟ್ರು ಎದೆಯುಬ್ಬಿಸಿ ಹೇಳಿದರು. "ನಮ್ಮನೆಯೋರು ಪಾಸಾಗ್ಬಿಟ್ರು."

ಟ್ರಂಕು ಮುಚ್ಚುವ ಮೊದಲು ಸುಟ್ಟ ಫ್ಯೂಸನ್ನು ಪಾರ್ಕಿನ ಹಳೇ ತೂತಿಗೇ ಚುಚ್ಚಿದರು. ಬೆಂಚಿಗೆ ಏನೂ ಕುಂದಿರಲಿಲ್ಲ. ಅಜ್ಜನನ್ನು ಬಲಕ್ಕೆ, ಅಜ್ಜಿಯನ್ನು ಎಡಕ್ಕೆ ಕೂರಿಸುತ್ತಿದ್ದಾಗ ಕೋಕಿಲಮ್ಮ ಬಂದು, ಎರಡು ಗೊಂಬೆಗಳನ್ನೂ ಎತ್ತಿ ಅದಲುಬದಲು ಮಾಡಿದರು.

"ಶಾಸ್ತ್ರಕ್ಕೆ ಹೆಂಡತಿ ಎಡಗಡೆ ಕಣೇ," ಎಂದರು ಮೇಷ್ಟ್ರು.

"ಇರ್ಲಿ. ಸ್ಟಿಯರಿಂಗ್ ಇರೋದು ಬಲಗಡೆ."